ರೋಗದ ಭಯವೋ, ಮನುಷ್ಯನ ಭಯವೋ?

(ಸಾಂಕ್ರಾಮಿಕ ರೋಗದ ಕಾಲದಲ್ಲಿ ಮಾಧ್ಯಮಗಳ ಪಾತ್ರದ ಕುರಿತು ಸಭೆಯೊಂದರಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ)



2020ರ ಮಾರ್ಚ್ 24ರಂದು ರಾತ್ರಿ ಎಂಟು ಗಂಟೆಗೆ ಇಡೀ ದೇಶ ಬಾಗಿಲು ಮುಚ್ಚಿಕೊಳ್ಳಬೇಕೆಂಬ ಆದೇಶ ಹೊರಟಾಗ ನಾವೆಲ್ಲರೂ ಟಿ.ವಿ.ಯ ಮುಂದೆ ಕುಳಿತಿದ್ದೆವು. ಅಂದು ದೇಶದಲ್ಲಿ ದೃಢಪಟ್ಟಿದ್ದ ಕೊರೋನಾ ಸೋಂಕಿತರ ಸಂಖ್ಯೆ ಸುಮಾರು ಐನೂರು. ನಮ್ಮ ಭಯವೂ ನೆರೆಮನೆಯವರ ಭಯವೂ ಅಂದು ಒಂದೇ ಆಗಿತ್ತು. ಮನೆಯಲ್ಲಿ ಅಕ್ಕಿ ಎಷ್ಟಿದೆ, ವೃದ್ಧ ತಂದೆಗೆ ಔಷಧಿ ಸಿಗುವುದೇ, ದೂರದ ಊರಿನಲ್ಲಿರುವ ಮಗ ಮರಳುವುದು ಹೇಗೆ ಎಂಬ ಚಿಂತೆಗೆ ಜಾತಿ ಧರ್ಮಗಳ ಭೇದವಿರಲಿಲ್ಲ. ಆದರೆ ಒಂದೇ ವಾರದಲ್ಲಿ ಅದೇ ಬೀದಿಯಲ್ಲಿ ತಳ್ಳುಗಾಡಿಯ ತರಕಾರಿ ವ್ಯಾಪಾರಿಯ ಹೆಸರನ್ನು ಕೇಳಿ, ಅನಂತರ ಟೊಮೆಟೊ ಮುಟ್ಟುವವರು ಕಾಣಿಸಿಕೊಂಡರು. ರೋಗದ ಭಯವು ಮನುಷ್ಯನ ಭಯವಾಗಿ ಮಾರ್ಪಟ್ಟಿತು. ಈ ಮಾರ್ಪಾಡು ಹೇಗಾಯಿತು, ಅದನ್ನು ಮಾಡಿದವರು ಯಾರು, ಅದರಲ್ಲಿ ನಮ್ಮ ಪಾಲೆಷ್ಟು ಎಂಬುದೇ ಇಂದು ನಾವು ಚಿಂತಿಸಬೇಕಾದ ವಿಷಯ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಭಯವೇ ಬೇಡವೆಂದು ನಾವು ಹೇಳುತ್ತಿಲ್ಲ. ಸಾಂಕ್ರಾಮಿಕ ರೋಗದ ಕಾಲದಲ್ಲಿ ಭಯಕ್ಕೂ ಒಂದು ಕೆಲಸವಿದೆ. ಕೈ ತೊಳೆಯುವಂತೆ, ಗುಂಪು ಸೇರದಂತೆ, ಜ್ವರ ಬಂದೊಡನೆ ವೈದ್ಯರ ಬಳಿಗೆ ಓಡುವಂತೆ ಮಾಡುವುದು ಅದೇ ಭಯ. ಆದರೆ ರೋಗಾಣು ಕಣ್ಣಿಗೆ ಕಾಣುವುದಿಲ್ಲ. ಯಾವುದಕ್ಕೆ ಎಷ್ಟು ಭಯಪಡಬೇಕೆಂಬುದನ್ನು ನಾವು ಸ್ವತಃ ಅಳೆಯಲಾರೆವು. ಸುದ್ದಿ ಕೊಡುವವರ ಮಾತನ್ನೇ ನೆಚ್ಚಬೇಕಾಗುತ್ತದೆ. ಆದ್ದರಿಂದಲೇ ಸಾಂಕ್ರಾಮಿಕದ ಕಾಲದಲ್ಲಿ ಪತ್ರಕರ್ತನ ಹೊಣೆ ವೈದ್ಯನ ಹೊಣೆಗಿಂತ ಕಡಿಮೆಯದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು 2020ರ ಫೆಬ್ರವರಿಯಲ್ಲೇ ರೋಗದ ಜೊತೆಗೆ ಸುಳ್ಳು ಮಾಹಿತಿಯ ಸಾಂಕ್ರಾಮಿಕವೂ ಹರಡುತ್ತಿದೆಯೆಂದು ಎಚ್ಚರಿಸಿದ್ದರು.

ಇದು ಹೊಸ ಕಾಯಿಲೆಯೇನೂ ಅಲ್ಲ. 1918ರ ಜ್ವರವನ್ನು ಜಗತ್ತು ಇಂದಿಗೂ ಸ್ಪ್ಯಾನಿಷ್ ಫ್ಲೂ ಎಂದು ಕರೆಯುತ್ತದೆ. ಆ ರೋಗ ಸ್ಪೇನ್‌ನಲ್ಲಿ ಹುಟ್ಟಿತೆಂಬುದಕ್ಕೆ ಆಧಾರವಿಲ್ಲ. ಮೊದಲ ಮಹಾಯುದ್ಧದಲ್ಲಿ ತೊಡಗಿದ್ದ ದೇಶಗಳು ತಮ್ಮ ಸೈನಿಕರ ಕಾಯಿಲೆಯ ಸುದ್ದಿ ಶತ್ರುವಿಗೆ ತಿಳಿಯಬಾರದೆಂದು ಪತ್ರಿಕೆಗಳ ಬಾಯಿ ಮುಚ್ಚಿಸಿದ್ದವು. ಸ್ಪೇನ್ ತಟಸ್ಥವಾಗಿತ್ತು; ಅಲ್ಲಿನ ಪತ್ರಿಕೆಗಳು ಇದ್ದುದನ್ನು ಇದ್ದಂತೆ ಬರೆದವು, ರಾಜನಿಗೆ ಕಾಯಿಲೆಯಾದುದನ್ನೂ ಬರೆದವು. ಸತ್ಯ ಬರೆದವರ ಹೆಸರೇ ರೋಗಕ್ಕೆ ಅಂಟಿತು. ಆ ಜ್ವರದಲ್ಲಿ ನಮ್ಮ ದೇಶವೊಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರೆಂದು ಅಂದಾಜಿಸಲಾಗಿದೆ.

1994ರ ಸೆಪ್ಟೆಂಬರಿನಲ್ಲಿ ಸೂರತ್ ನಗರದಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಅಧಿಕೃತ ಲೆಕ್ಕದಂತೆ ಸತ್ತವರು ಸುಮಾರು ಐವತ್ತು ಮಂದಿ. ಆದರೆ ಪತ್ರಿಕೆಗಳಲ್ಲೂ ಬಾಯಿಂದ ಬಾಯಿಗೂ ಆ ಸಂಖ್ಯೆ ನೂರು ಸಾವಿರಗಳಾಗಿ ಬೆಳೆಯಿತು. ಲಕ್ಷಗಟ್ಟಲೆ ಜನ ರೈಲು, ಬಸ್ಸುಗಳಲ್ಲಿ ನಗರ ಬಿಟ್ಟು ಓಡಿದರು. ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ಸಿಗದಾಯಿತು. ಕೊಲ್ಲಿಯ ದೇಶಗಳು ಸೇರಿದಂತೆ ಹಲವು ರಾಷ್ಟ್ರಗಳು ಭಾರತದ ವಿಮಾನಗಳಿಗೆ ತಡೆ ಹಾಕಿದವು. ಅದೇ ಕಾಲದಲ್ಲಿ ಕ್ಷಯರೋಗವು ದೇಶದಲ್ಲಿ ಪ್ರತಿವರ್ಷ ಲಕ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಆ ಸಾವುಗಳಿಗೆ ಮುಖಪುಟದಲ್ಲಿ ಸ್ಥಳವಿರಲಿಲ್ಲ. ಸಾಯುವ ಬಡವ ಸುದ್ದಿಯಲ್ಲ, ಓಡುವ ಜನ ಸುದ್ದಿ ಎಂಬುದು ಮಾಧ್ಯಮದ ಹಳೆಯ ನಿಯಮ.

ಇನ್ನೊಂದು ಉದಾಹರಣೆಯನ್ನು ನಾವು ವಿಶೇಷವಾಗಿ ನೆನೆಯಬೇಕು. ಏಕೆಂದರೆ ಅದು ನಡೆದುದು ಮುಸ್ಲಿಂ ಬಹುಸಂಖ್ಯಾತ ದೇಶದಲ್ಲಿ. 2009ರ ಏಪ್ರಿಲ್‌ನಲ್ಲಿ ಎಚ್1ಎನ್1 ಜ್ವರ ಹಂದಿಜ್ವರವೆಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಈಜಿಪ್ಟ್ ಸರಕಾರ ದೇಶದಲ್ಲಿದ್ದ ಸುಮಾರು ಮೂರು ಲಕ್ಷ ಹಂದಿಗಳನ್ನೆಲ್ಲ ಕೊಲ್ಲಲು ಆದೇಶಿಸಿತು. ಅಂದು ಅಲ್ಲಿ ಆ ಜ್ವರದ ಒಂದು ಪ್ರಕರಣವೂ ವರದಿಯಾಗಿರಲಿಲ್ಲ. ಜ್ವರ ಹರಡುತ್ತಿದ್ದುದು ಮನುಷ್ಯರಿಂದ ಮನುಷ್ಯರಿಗೆ. ಆದರೆ ಹಂದಿ ಸಾಕುತ್ತಿದ್ದವರು ಕೈರೋ ನಗರದ ಕಸ ಹೆಕ್ಕಿ ಬದುಕುವ ಬಡ ಕಾಪ್ಟಿಕ್ ಕ್ರೈಸ್ತರು. ಅವರ ಜೀವನಾಧಾರ ಹೋಯಿತು. ಹಂದಿಗಳು ತಿನ್ನುತ್ತಿದ್ದ ಹಸಿಕಸ ನಗರದ ಬೀದಿಗಳಲ್ಲಿ ರಾಶಿ ಬಿತ್ತು. ಭಯಕ್ಕೆ ಮುಖವೊಂದು ಬೇಕಾದಾಗ ಅದು ಅಲ್ಪಸಂಖ್ಯಾತರ ಮುಖವನ್ನೇ ಹುಡುಕುತ್ತದೆ. ನಾವು ಅಲ್ಪಸಂಖ್ಯಾತರಾಗಿರುವಲ್ಲಿ ಅನುಭವಿಸುವ ಅನ್ಯಾಯವನ್ನು, ನಮ್ಮವರು ಬಹುಸಂಖ್ಯಾತರಾಗಿರುವಲ್ಲಿ ಎಸಗದಿದ್ದರೆ ಮಾತ್ರ ನಮ್ಮ ದೂರಿಗೆ ಬೆಲೆ ಬರುತ್ತದೆ.

ಇನ್ನು 2020ರ ನಮ್ಮದೇ ಅನುಭವಕ್ಕೆ ಬರೋಣ. ಮಾರ್ಚ್ ತಿಂಗಳ ಕೊನೆಯಲ್ಲಿ ದಿಲ್ಲಿಯ ನಿಝಾಮುದ್ದೀನ್‌ನಲ್ಲಿರುವ ತಬ್ಲೀಗ್ ಜಮಾಅತ್‌ನ ಮರ್ಕಝ್‌ನಿಂದ ಸುಮಾರು 2,300 ಮಂದಿಯನ್ನು ತೆರವುಗೊಳಿಸಲಾಯಿತು. ಅಲ್ಲಿ ಸೋಂಕು ಹರಡಿದ್ದು ನಿಜ. ಅಂತಹ ಸಮಯದಲ್ಲಿ ಅಷ್ಟು ಜನರನ್ನು ಒಂದೇ ಕಟ್ಟಡದಲ್ಲಿ ಸೇರಿಸಿಕೊಂಡದ್ದು ವಿವೇಕದ ನಡೆಯಲ್ಲವೆಂಬ ಟೀಕೆಯನ್ನು ನಾವು ಒಪ್ಪಬೇಕು. ಆದರೆ ಮಾರ್ಚ್ 13ರಂದು ಕೇಂದ್ರ ಆರೋಗ್ಯ ಸಚಿವಾಲಯವೇ ಇದು ಆರೋಗ್ಯ ತುರ್ತುಸ್ಥಿತಿಯಲ್ಲವೆಂದು ಹೇಳಿತ್ತೆಂಬುದೂ, ದಿಢೀರ್ ಲಾಕ್‌ಡೌನ್‌ನಿಂದ ಹೊರಡಲು ವಾಹನಗಳಿಲ್ಲದೆ ಹಲವರು ಅಲ್ಲೇ ಸಿಲುಕಿಕೊಂಡಿದ್ದರೆಂಬುದೂ ಅಷ್ಟೇ ನಿಜ. ಒಂದು ಸಂಸ್ಥೆಯ ಅವಿವೇಕ ಒಂದು ಸುದ್ದಿ. ಅದನ್ನು ಒಂದು ಸಮುದಾಯದ ಸಂಚೆಂದು ಬಿಂಬಿಸಿದ್ದು ಸುದ್ದಿಯಲ್ಲ, ಸೃಷ್ಟಿ.

ಆ ಸೃಷ್ಟಿಯಲ್ಲಿ ಅಂಕಿಅಂಶಗಳನ್ನು ಬಳಸಿದ ಬಗೆಯನ್ನು ಗಮನಿಸಿರಿ. ಏಪ್ರಿಲ್ 18ರಂದು ಸರಕಾರ ನೀಡಿದ ಲೆಕ್ಕದಂತೆ ದೇಶದ 14,378 ಪ್ರಕರಣಗಳ ಪೈಕಿ 4,291, ಅಂದರೆ ಶೇಕಡಾ 29.8ರಷ್ಟು, ಮರ್ಕಝ್‌ಗೆ ಸಂಬಂಧಿಸಿದವು. ಸಂಖ್ಯೆ ಸುಳ್ಳಲ್ಲ. ಆದರೆ ಅಂದು ಪರೀಕ್ಷೆ ನಡೆಯುತ್ತಿದ್ದುದೇ ಬಹಳ ಕಡಿಮೆ. ವಿದೇಶದಿಂದ ಬಂದವರು, ಸೋಂಕಿತರ ಸಂಪರ್ಕಕ್ಕೆ ಬಂದವರು, ತೀವ್ರ ಉಸಿರಾಟದ ತೊಂದರೆಯುಳ್ಳವರು ಮುಂತಾದ ಕೆಲವರಿಗೆ ಮಾತ್ರ ಅದು ಸೀಮಿತವಾಗಿತ್ತು. ಮರ್ಕಝ್‌ಗೆ ಹೋಗಿ ಬಂದವರನ್ನೂ ಅವರ ಸಂಪರ್ಕದವರನ್ನೂ ರಾಜ್ಯ ರಾಜ್ಯಗಳಲ್ಲಿ ಹುಡುಕಿ ಪರೀಕ್ಷಿಸಲಾಯಿತು. ಅದು ಸರಿಯಾದ ಕ್ರಮವೇ. ಆದರೆ ಎಲ್ಲಿ ಹೆಚ್ಚು ಹುಡುಕುತ್ತೇವೆಯೋ ಅಲ್ಲಿ ಹೆಚ್ಚು ಸಿಗುತ್ತದೆ. ಒಂದು ಕೆರೆಯಲ್ಲಿ ಮಾತ್ರ ಬಲೆ ಬೀಸಿ, ಮೀನೆಲ್ಲ ಇದೇ ಕೆರೆಯಲ್ಲಿದೆ ಎಂದರೆ ಹೇಗೆ? ಎಷ್ಟು ಮಂದಿಯನ್ನು ಪರೀಕ್ಷಿಸಿದಾಗ ಇಷ್ಟು ಮಂದಿಗೆ ಸೋಂಕು ಕಂಡುಬಂತು ಎಂಬ ಪ್ರಶ್ನೆಯನ್ನು ಕಿರುಚುವ ನಿರೂಪಕರು ಕೇಳಲೇ ಇಲ್ಲ.

ಮುಂದೆ ನಮ್ಮ ದೇಶದಲ್ಲಿ ದಾಖಲಾದ ಒಟ್ಟು ಪ್ರಕರಣಗಳು ಸುಮಾರು ನಾಲ್ಕೂವರೆ ಕೋಟಿ. ಆ 4,291 ಎಂಬುದು ಅದರಲ್ಲಿ ಹತ್ತು ಸಾವಿರಕ್ಕೆ ಒಂದು. ಆರಂಭದ ಸೋಂಕು ಬೆಳೆಯುತ್ತದೆಂಬುದು ನಮಗೂ ಗೊತ್ತು. ಆದರೆ ವಿಮಾನಗಳಲ್ಲಿ ಬಂದ, ಮಾರುಕಟ್ಟೆ, ಕಾರ್ಖಾನೆ, ಆಸ್ಪತ್ರೆಗಳಲ್ಲಿ ಹಬ್ಬಿದ ಒಂದು ಜಾಗತಿಕ ರೋಗಕ್ಕೆ ದಿಲ್ಲಿಯ ಒಂದು ಕಟ್ಟಡದ ಅಗತ್ಯವಿತ್ತೇ?

ಅಂಕಿಗಳ ಬೆನ್ನಿಗೆ ದೃಶ್ಯಗಳು ಬಂದವು. ಪೊಲೀಸ್ ವಾಹನದಲ್ಲಿ ಒಬ್ಬಾತ ಪೊಲೀಸರತ್ತ ಉಗುಳುವ ವೀಡಿಯೋ ನಿಝಾಮುದ್ದೀನ್‌ನದೆಂದು ಹರಿದಾಡಿತು. ಅದು ಫೆಬ್ರವರಿಯಲ್ಲಿ ಮುಂಬೈಯಲ್ಲಿ ಬೇರೊಂದು ಪ್ರಕರಣದ ವಿಚಾರಣಾಧೀನ ಕೈದಿಯದ್ದು. ತಟ್ಟೆ ಚಮಚಗಳನ್ನು ನೆಕ್ಕುವ ವೀಡಿಯೋ ಸೋಂಕು ಹರಡುವ ಸಂಚೆಂದು ಪ್ರಚಾರವಾಯಿತು. ಅದು ಅನ್ನದ ಅಗುಳನ್ನೂ ವ್ಯರ್ಥ ಮಾಡಬಾರದೆಂಬ ಬೋಹ್ರಾ ಜನರ ರೂಢಿಯ ಹಳೆಯ ದೃಶ್ಯ. ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ ಕ್ವಾರಂಟೈನ್‌ನಲ್ಲಿದ್ದ ಜಮಾಅತ್‌ನವರು ಮಾಂಸಾಹಾರಕ್ಕಾಗಿ ರಂಪ ಮಾಡಿದರೆಂಬ ಸುದ್ದಿಯನ್ನು ಅಲ್ಲಿನ ಪೊಲೀಸರೇ ಸುಳ್ಳೆಂದು ಪ್ರಕಟಿಸಿದರು. ಪ್ರಮುಖ ಹಿಂದಿ ವಾಹಿನಿಯೊಂದು ಅರುಣಾಚಲ ಪ್ರದೇಶದಲ್ಲಿ ಜಮಾಅತ್‌ನ ಹನ್ನೊಂದು ಮಂದಿಗೆ ಸೋಂಕೆಂದು ಹೇಳಿತು. ಇಡೀ ರಾಜ್ಯದಲ್ಲಿ ಅಂದು ಇದ್ದುದು ಒಂದೇ ಪ್ರಕರಣ. ಸರಕಾರ ಆಕ್ಷೇಪಿಸಿದ ಬಳಿಕ ವಾಹಿನಿ ತಪ್ಪೊಪ್ಪಿಕೊಂಡಿತು. ಆದರೆ ಸುಳ್ಳನ್ನು ನೋಡಿದವರೆಲ್ಲ ತಪ್ಪೊಪ್ಪಿಗೆಯನ್ನು ನೋಡಿದರೇ?

ಇದರ ಬೆಲೆಯನ್ನು ತೆತ್ತವರು ಯಾರು? ಹಿಮಾಚಲ ಪ್ರದೇಶದ ಊನಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಬ್ಬ ಮುಸ್ಲಿಂ ಯುವಕನನ್ನು ಪರೀಕ್ಷೆಗೆ ಕರೆದೊಯ್ಯಲಾಯಿತು. ಸೋಂಕಿಲ್ಲವೆಂದು ವರದಿ ಬಂತು. ಮನೆಗೆ ಮರಳಿದ ಅವನನ್ನು ಊರಿನವರ ಚುಚ್ಚುಮಾತು, ಬಹಿಷ್ಕಾರಗಳು ಎದುರುಗೊಂಡವು. 2020ರ ಏಪ್ರಿಲ್ 5ರಂದು ಅವನು ಆತ್ಮಹತ್ಯೆ ಮಾಡಿಕೊಂಡ. ವೈದ್ಯಕೀಯ ವರದಿ ರೋಗವಿಲ್ಲವೆಂದಿತು. ಊರು ನಂಬಿದ್ದು ಟಿ.ವಿ.ಯ ವರದಿಯನ್ನು. ನಮ್ಮ ರಾಜ್ಯದಲ್ಲೂ ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ ನದಿಯಲ್ಲಿ ಮೀನು ಹಿಡಿಯಲು ಹೋದ ಬಡ ಮುಸ್ಲಿಮರನ್ನು ರೋಗ ಹರಡುವವರೆಂದು ಹೊಡೆದೋಡಿಸಲಾಯಿತು. ಬೆಂಗಳೂರಿನಲ್ಲಿ ಹಸಿದವರಿಗೆ ಆಹಾರ ಹಂಚುತ್ತಿದ್ದ ಸ್ವಯಂಸೇವಕರ ಮೇಲೆ ಹಲ್ಲೆಯಾಯಿತು. ಮುಸ್ಲಿಮರ ವಿರುದ್ಧ ಮಾತಾಡಿದರೆ ಕ್ರಮ ಕೈಗೊಳ್ಳುವುದಾಗಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಎಚ್ಚರಿಕೆ ಕೊಟ್ಟರು. ಯಾವುದೇ ಸಮುದಾಯಕ್ಕೆ ಅಥವಾ ಪ್ರದೇಶಕ್ಕೆ ರೋಗದ ಹಣೆಪಟ್ಟಿ ಕಟ್ಟಬಾರದೆಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್ 8ರಂದು ಸಲಹೆ ಹೊರಡಿಸಿತು. ಇವನ್ನು ನಾವು ಕೃತಜ್ಞತೆಯಿಂದಲೇ ನೆನೆಯುತ್ತೇವೆ. ಆದರೆ ಅಷ್ಟರಲ್ಲಿ ವಿಷ ಬೀದಿಗಿಳಿದಿತ್ತು.

ಸತ್ಯ ಬಂತು, ಆದರೆ ನಿಧಾನವಾಗಿ ಬಂತು. 2020ರ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 29 ಮಂದಿ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಿರುವ ಸಾಧ್ಯತೆಯನ್ನೂ ಮಾಧ್ಯಮಗಳ ಅಪಪ್ರಚಾರವನ್ನೂ ಕಟುವಾಗಿ ಟೀಕಿಸಿತು. ಅದೇ ಡಿಸೆಂಬರಿನಲ್ಲಿ ದಿಲ್ಲಿಯ ನ್ಯಾಯಾಲಯ 36 ವಿದೇಶಿಯರನ್ನು ಖುಲಾಸೆಗೊಳಿಸಿತು. ಆ ಅತಿಥಿಗಳಿಗೆ ಆಶ್ರಯ ಕೊಟ್ಟರೆಂಬ ಆರೋಪ ಹೊತ್ತಿದ್ದ 70 ಮಂದಿ ಭಾರತೀಯರ ಮೇಲಿನ 16 ಪ್ರಕರಣಗಳನ್ನು ದಿಲ್ಲಿ ಹೈಕೋರ್ಟ್ ರದ್ದುಪಡಿಸಿದ್ದು 2025ರ ಜುಲೈಯಲ್ಲಿ. ಐದು ವರ್ಷಗಳ ಬಳಿಕ! ವಾರಗಟ್ಟಲೆ ರಾತ್ರಿ ಒಂಬತ್ತರ ಚರ್ಚೆ ನಡೆಸಿದವರಲ್ಲಿ ಎಷ್ಟು ಮಂದಿ ಈ ತೀರ್ಪಿಗೆ ಅಷ್ಟೇ ಸಮಯ ಕೊಟ್ಟರು?

ಕನ್ನಡಿಗರಾದ ನಾವು ವಿಶೇಷವಾಗಿ ತಿಳಿಯಬೇಕಾದ ಸಂಗತಿ ಇನ್ನೊಂದಿದೆ. ಬೆಂಗಳೂರಿನ ಕೆಲವು ನಾಗರಿಕರು ದ್ವೇಷ ಭಾಷಣದ ವಿರುದ್ಧ ಕಟ್ಟಿಕೊಂಡ ವೇದಿಕೆಯೊಂದು, ತಬ್ಲೀಗ್ ಕುರಿತ ಕಾರ್ಯಕ್ರಮಗಳ ಮೇಲೆ ಸುದ್ದಿವಾಹಿನಿಗಳ ಮಾನದಂಡ ಪ್ರಾಧಿಕಾರಕ್ಕೆ ದೂರು ಸಲ್ಲಿಸಿತು. 2021ರ ಜೂನ್ 16ರಂದು ಪ್ರಾಧಿಕಾರ ನ್ಯೂಸ್ 18 ಕನ್ನಡಕ್ಕೆ ಒಂದು ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50,000 ರೂಪಾಯಿ ದಂಡ ವಿಧಿಸಿತು. ಟೈಮ್ಸ್ ನೌ ವಾಹಿನಿಗೆ ಛೀಮಾರಿ ಹಾಕಿತು. ದಂಡದ ಮೊತ್ತ ಚಿಕ್ಕದು, ತಡವೂ ಆಯಿತು. ಆದರೆ ಒಂದು ಪಾಠ ಇಲ್ಲಿದೆ. ಆ ನಾಗರಿಕರು ಬೀದಿಯಲ್ಲಿ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. ಯಾವ ದಿನ, ಯಾವ ಕಾರ್ಯಕ್ರಮದಲ್ಲಿ ಏನು ಹೇಳಲಾಯಿತೆಂಬುದನ್ನು ಬರೆದಿಟ್ಟುಕೊಂಡು ನಿಯಮದ ಪ್ರಕಾರ ದೂರಿತ್ತರು. ಅವರಲ್ಲಿ ಹಲವರು ನಮ್ಮ ಸಮುದಾಯದವರಲ್ಲ. ನಮಗಾಗಿ ಅವರು ಮಾಡಿದ ಕೆಲಸವನ್ನು ನಾವು ಏಕೆ ಮಾಡಲಿಲ್ಲ?

ಅತಿಯಾದ ಭಯದಂತೆ ಇಲ್ಲದ ಭಯವೂ ಕೊಲ್ಲುತ್ತದೆ. 2021ರ ಆರಂಭದಲ್ಲಿ ಭಾರತ ಕೊರೋನಾವನ್ನು ಗೆದ್ದಿತೆಂಬ ಸಂಭ್ರಮ ಮಾಧ್ಯಮಗಳನ್ನು ತುಂಬಿತ್ತು. ಚುನಾವಣಾ ರ‍್ಯಾಲಿಗಳೂ ಹರಿದ್ವಾರದ ಕುಂಭಮೇಳವೂ ನಡೆದವು. ಹಿಂದಿನ ವರ್ಷ ಕೆಲವು ಸಾವಿರ ಜನರ ಸಭೆಯನ್ನು ಕಂಡು ಬೊಬ್ಬಿರಿದ ಅನೇಕರಿಗೆ ಈಗ ಲಕ್ಷಗಳು ಕಾಣಲಿಲ್ಲ. ಗಂಗೆಯಲ್ಲಿ ಮುಳುಗಲು ಬಂದ ಬಡ ಯಾತ್ರಿಕರನ್ನು ದೂಷಿಸಲು ನಾವು ಇದನ್ನು ಹೇಳುತ್ತಿಲ್ಲ. ಅವರೂ ವಂಚಿತರೇ. ಅಪಾಯವಿದೆಯೆಂದು ಅವರಿಗೆ ಹೇಳಬೇಕಾದವರು ಹೇಳಲಿಲ್ಲ. ಆಮೇಲೆ ಆಮ್ಲಜನಕವಿಲ್ಲದೆ, ಹಾಸಿಗೆಯಿಲ್ಲದೆ ಜನ ಸತ್ತರು. 2021ರ ಕೊನೆಯವರೆಗಿನ ಅಧಿಕೃತ ಸಾವುಗಳು ಸುಮಾರು 4.8 ಲಕ್ಷ, ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು 47 ಲಕ್ಷ. ಸರಕಾರ ಆ ಅಂದಾಜನ್ನು ಒಪ್ಪಲಿಲ್ಲ.

ಆ ಕಾಲದಲ್ಲೇ ಪತ್ರಿಕಾವೃತ್ತಿಯ ಮಾನ ಉಳಿಸಿದವರೂ ಇದ್ದರು. ಗುಜರಾತಿನ ಪತ್ರಿಕೆಗಳ ವರದಿಗಾರರು ಶವಾಗಾರದ ಮುಂದೆ ರಾತ್ರಿಯಿಡೀ ನಿಂತು ಶವಗಳನ್ನೆಣಿಸಿ, ಸರಕಾರದ ಲೆಕ್ಕ ಸುಳ್ಳೆಂದು ಬರೆದರು. ದೈನಿಕ್ ಭಾಸ್ಕರ್ ಗಂಗೆಯ ದಡದ ಹೆಣಗಳ ಕುರಿತು ವರದಿ ಮಾಡಿತು. ಮಾಧ್ಯಮವೆಲ್ಲ ಕೆಟ್ಟಿದೆಯೆಂದು ಶಪಿಸುವವರು ಇದನ್ನು ಮರೆಯಬಾರದು. ಹಾಗೆಯೇ 2021ರ ಮೇ 4ರಂದು ಬೆಂಗಳೂರು ದಕ್ಷಿಣದ ಸಂಸದರು ಹಾಸಿಗೆ ಹಂಚಿಕೆಯ ಅಕ್ರಮದ ಹೆಸರಿನಲ್ಲಿ ಪಾಲಿಕೆಯ ವಾರ್ ರೂಮಿಗೆ ಹೋದಾಗ, ಅಲ್ಲಿದ್ದ ಇನ್ನೂರಕ್ಕೂ ಹೆಚ್ಚು ನೌಕರರ ಪೈಕಿ 17 ಮಂದಿ ಮುಸ್ಲಿಮರ ಹೆಸರುಗಳನ್ನು ಮಾತ್ರ ಕ್ಯಾಮೆರಾದ ಮುಂದೆ ಓದಲಾಯಿತು. ಅವರ ಮೇಲೆ ಯಾವ ಆಧಾರವೂ ಸಿಗಲಿಲ್ಲವೆಂಬುದನ್ನು ಹೊರತಂದವರೂ ಪತ್ರಕರ್ತರೇ. ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಮುಸ್ಲಿಂ ಯುವಕರ ತಂಡಗಳು, ಹತ್ತಿರ ಬರಲು ಬಂಧುಗಳೇ ಅಂಜುತ್ತಿದ್ದ ಹಿಂದೂ ಸಹೋದರರ ಶವಗಳನ್ನು ಹೆಗಲಿಗೇರಿಸಿ ಚಿತಾಗಾರಕ್ಕೆ ಒಯ್ಯುತ್ತಿದ್ದವು.

ಸಹೋದರ ಸಹೋದರಿಯರೇ, ಇಷ್ಟೆಲ್ಲ ಹೇಳಿದ ಮೇಲೆ ಕನ್ನಡಿಯನ್ನು ನಮ್ಮ ಕಡೆಗೂ ತಿರುಗಿಸದಿದ್ದರೆ ಈ ಮಾತು ಅರ್ಧವಾಗುತ್ತದೆ. 2020ರ ಏಪ್ರಿಲ್ 19ರ ರಾತ್ರಿ ಬೆಂಗಳೂರಿನ ಪಾದರಾಯನಪುರದಲ್ಲಿ, ಸೋಂಕಿತರ ಸಂಪರ್ಕದಲ್ಲಿದ್ದವರನ್ನು ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದವರ ಮೇಲೆ ಗುಂಪು ದಾಂಧಲೆ ನಡೆಸಿತು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಜೀವದ ಹಂಗು ತೊರೆದು ಮನೆಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆಯರನ್ನು ಕೆಲವೆಡೆ ಸಂಶಯದಿಂದ ಕಂಡದ್ದು ನಾಚಿಕೆಗೇಡು. ಟಿ.ವಿ. ಅವರನ್ನು ಹೆದರಿಸಿತು, ನಮ್ಮನ್ನು ಹೆದರಿಸಿದ್ದು ನಮ್ಮದೇ ವಾಟ್ಸ್‌ಆಪ್. ಒಯ್ದವರನ್ನು ಮರಳಿ ಕಳಿಸುವುದಿಲ್ಲ, ಚುಚ್ಚುಮದ್ದಿನಿಂದ ಮಕ್ಕಳಾಗುವುದಿಲ್ಲ ಎಂಬ ಧ್ವನಿಸಂದೇಶಗಳನ್ನು ನಮ್ಮ ಬೆರಳುಗಳೇ ಮುಂದಕ್ಕೆ ಕಳಿಸಿದವು. ಕೋಳಿಯಿಂದ ಕೊರೋನಾ ಎಂಬ ಗಾಳಿಮಾತಿಗೆ ಗೋಕಾಕದ ರೈತನೊಬ್ಬ ಸುಮಾರು ಆರು ಸಾವಿರ ಕೋಳಿಗಳನ್ನು ಜೀವಂತ ಹೂಳಬೇಕಾಗಿ ಬಂತು. ಆ ಗಾಳಿಮಾತನ್ನು ಹರಡಿದವರಲ್ಲಿ ಎಲ್ಲ ಧರ್ಮದವರೂ ಇದ್ದರು.

ಹಾಗಾದರೆ ನಾವು ಮಾಡಬೇಕಾದುದೇನು? ಸುದ್ದಿ ತಂದವನ ವಿಶ್ವಾಸಾರ್ಹತೆಯನ್ನು ಪರಿಶೀಲಿಸದೆ ವರ್ತಿಸಬಾರದು, ತಿಳಿಯದೆ ಜನರಿಗೆ ಹಾನಿ ಮಾಡಿ ಪಶ್ಚಾತ್ತಾಪ ಪಡುವಂತಾಗಬಾರದು ಎಂಬುದು ಸೂರಃ ಅಲ್ ಹುಜುರಾತ್‌ನಲ್ಲಿ ನಮಗಿರುವ ಸ್ಪಷ್ಟ ಬೋಧನೆ. ಅದನ್ನು ಕಂಠಪಾಠ ಮಾಡಿದವರು ಬಹಳ. ಮೊಬೈಲ್ ಕೈಯಲ್ಲಿರುವಾಗ ನೆನೆಯುವವರು ಕಡಿಮೆ. ಈ ವೀಡಿಯೋ ಎಲ್ಲಿಯದು, ಎಂದಿನದು ಎಂದು ತಿಳಿಯುವವರೆಗೆ ಮುಂದಕ್ಕೆ ಕಳಿಸುವುದಿಲ್ಲವೆಂದು ಪ್ರತಿ ಮನೆಯೂ ನಿಶ್ಚಯಿಸಲಿ. ಒಂದು ಸಂಖ್ಯೆ ಕಿವಿಗೆ ಬಿದ್ದಾಗ ಎಷ್ಟರಲ್ಲಿ ಎಷ್ಟು ಎಂದು ಕೇಳುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸೋಣ. ವಾಹಿನಿಯೊಂದು ಸುಳ್ಳು ಹೇಳಿದರೆ ದಿನಾಂಕ, ಸಮಯ, ಮಾತುಗಳನ್ನು ಬರೆದಿಟ್ಟು ಏಳು ದಿನಗಳೊಳಗೆ ಆ ವಾಹಿನಿಗೇ ದೂರು ಕಳಿಸೋಣ. ಉತ್ತರ ಸರಿಯಿಲ್ಲದಿದ್ದರೆ ಪ್ರಾಧಿಕಾರದ ಬಾಗಿಲು ತಟ್ಟೋಣ. ಪ್ರತಿ ಊರಿನ ಜಮಾಅತ್ ಕಮಿಟಿಯಲ್ಲಿ ಒಬ್ಬ ವೈದ್ಯರೂ ಒಬ್ಬ ವಕೀಲರೂ ಇರಲಿ. ಮುಂದಿನ ರೋಗ ಬರುವ ಮೊದಲೇ ಊರಿನ ಆರೋಗ್ಯಾಧಿಕಾರಿ, ಆಶಾ ಕಾರ್ಯಕರ್ತೆಯರೊಂದಿಗೆ ನಮ್ಮ ಪರಿಚಯ ಬೆಳೆಯಲಿ. ಎಂಜಿನಿಯರ್, ಡಾಕ್ಟರ್‌ಗಳ ಜೊತೆಗೆ ಒಬ್ಬ ಪ್ರಾಮಾಣಿಕ ಪತ್ರಕರ್ತನನ್ನೂ ನಮ್ಮ ಮನೆಗಳು ಬೆಳೆಸಲಿ.

ಎಲ್ಲಕ್ಕಿಂತ ಮುಖ್ಯವಾಗಿ, ನೆರೆಮನೆಯ ಬಾಗಿಲು ನಮಗೆ ತೆರೆದಿರಬೇಕು. 2020ರಲ್ಲೂ ಎಷ್ಟೋ ಬೀದಿಗಳಲ್ಲಿ ತರಕಾರಿಯವನನ್ನು ಹೆಸರಿಡಿದು ಕರೆದು, ಎಂದಿನಂತೆ ಚೌಕಾಸಿ ಮಾಡಿ ಕೊಂಡ ತಾಯಂದಿರಿದ್ದರು. ಅವರಿಗೂ ಮನೆಯಲ್ಲಿ ಅದೇ ಟಿ.ವಿ. ಇತ್ತು. ಆದರೆ ಅವರಿಗೆ ಆ ಮನುಷ್ಯ ಇಪ್ಪತ್ತು ವರ್ಷಗಳಿಂದ ಗೊತ್ತಿದ್ದ. ಗೊತ್ತಿರುವ ಮನುಷ್ಯನ ಬಗ್ಗೆ ಯಾರೂ ನಮಗೆ ಭಯ ಹುಟ್ಟಿಸಲಾರರು. ಮುಂದಿನ ಸಾಂಕ್ರಾಮಿಕ ಯಾವಾಗ ಬರುವುದೋ ಯಾರೂ ಹೇಳಲಾರರು. ಅದು ಬಂದಾಗ ನಮ್ಮ ನೆರೆಯವರು ನಮ್ಮನ್ನು ಟಿ.ವಿ.ಯ ಮೂಲಕ ಅಲ್ಲ, ನಮ್ಮ ಮೂಲಕವೇ ಅರಿತಿರಬೇಕು. ಆ ಪರಿಚಯವನ್ನು ಬೆಳೆಸುವ ಕೆಲಸ ಇಂದೇ ಆರಂಭವಾಗಲೆಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.